ಮೇಷ್ಟ್ರ ಬೆಕ್ಕಿಗೆ ಒಂದು ಚಮಚ ಲಿವರ್

“ಅತ್ತೆ, ಕನ್ನಡಕ ಹಾಕ್ಕೊಂಡು ಬೇಗ ಬನ್ನಿ!”

ಸೊಸೆ ಕೂಗಿದಾಗ ನಾನು ಸಿಂಕಿನ ಮುಂದೆ ನಿಂತು ಗಾಜಿನ ತಟ್ಟೆಗಳನ್ನು ತೊಳೆಯುತ್ತಿದ್ದೆ. ಕೈ ಒರೆಸಿಕೊಳ್ಳಲೂ ಬಿಡದೆ ಮೊಣಕೈ ಹಿಡಿದು ಎಳೆದುಕೊಂಡು ಹೋಗಿ ಮೈಕ್ರೋಸ್ಕೋಪಿನ ಮುಂದೆ ಕೂರಿಸಿದಳು.

ತಟ್ಟೆಯ ನೀರಿನಲ್ಲಿ ಒಂದು ಚಪ್ಪಟೆ ಹುಳ ನಿಧಾನವಾಗಿ ಜಾರುತ್ತಿತ್ತು. ಉಗುರಿನಷ್ಟು ಉದ್ದ, ಬಾಣದ ತುದಿಯಂಥ ತಲೆ, ಮೆಳ್ಳೆಗಣ್ಣು ಬಿಡುವ ಮಗುವಿನಂತೆ ಎರಡು ಕರಿ ಕಣ್ಣು. ಅಲ್ಲಿಯವರೆಗೆ ನಾನು ನೋಡಿದ್ದ ಹುಳಗಳೆಲ್ಲ ಗಾಢ ಕಂದು ಬಣ್ಣದವು. ಇದರ ಬೆನ್ನಿನ ಬಲಭಾಗವೂ ಹಾಗೇ ಇತ್ತು. ಎಡಭಾಗ ಮಾತ್ರ ಹಾಲಿನಂತೆ ಬಿಳಿ. ನಡುವೆ ಯಾರೋ ಸ್ಕೇಲು ಇಟ್ಟು ಗೆರೆ ಎಳೆದ ಹಾಗಿತ್ತು.

“ಏನು ಕಾಣುತ್ತೆ? ನಾನು ಹೇಳಲ್ಲ, ನೀವೇ ಹೇಳಿ.”

“ಅರ್ಧ ಬೆಳ್ಳಗಿದೆಯಲ್ಲೇ!”

“ಹಾಂ! ಅರ್ಧ ಬೆಳ್ಳಗಿದೆ!” ಎಂದು ಅವಳು ಒದ್ದೆ ನೆಲದ ಮೇಲೆ ಕುಣಿದ ರಭಸಕ್ಕೆ ಕಪಾಟಿನ ತಟ್ಟೆಗಳೆಲ್ಲ ಗಲಗಲ ಅಂದವು. ನಲವತ್ತು ದಾಟಿದ ಹೆಂಗಸು, ಸಂಶೋಧಕಿ, ನನ್ನ ಮಗನಿಗೆ ಮನೆಯಲ್ಲಿ ಶಿಸ್ತು ಕಲಿಸುವವಳು, ಹಾಗೆ ಕುಣಿದದ್ದನ್ನು ನಾನು ನೋಡಿರಲಿಲ್ಲ.

ಆ ಪ್ರಯೋಗಾಲಯದಲ್ಲಿ ತಟ್ಟೆ ತೊಳೆಯುತ್ತಿದ್ದವಳು ಬಾಣಂತನಕ್ಕೆ ಹೋದ ಮೇಲೆ, ಮಧ್ಯಾಹ್ನ ಮನೆಯಲ್ಲಿ ಸುಮ್ಮನೆ ಕೂರುವ ಬದಲು ನಾನೇ ಬರುತ್ತೇನೆ ಎಂದಿದ್ದೆ. ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಓದಿದವಳು. ಹುಳ ಹುಪ್ಪಟೆ ಕಂಡರೆ ಅಸಹ್ಯವಿಲ್ಲ. ಅಲ್ಲಿಯ ಮುಖ್ಯಸ್ಥರನ್ನು ಎಲ್ಲರೂ ದೊಡ್ಡ ಮೇಷ್ಟ್ರು ಎನ್ನುತ್ತಿದ್ದರು. ಮೊದಲ ದಿನ ಅವರು ನನ್ನನ್ನು ಕನ್ನಡಕದ ಮೇಲಿನಿಂದ ನೋಡಿ, “ಅತ್ತೆ ಕೈಲಿ ಪಾತ್ರೆ ತೊಳೆಸೋ ಸೊಸೆನ ಇವತ್ತೇ ನೋಡ್ತಿರೋದು,” ಎಂದರು. ನಗಲಿಲ್ಲ. ಆದರೆ ಮರುದಿನ ಸಿಂಕಿನ ಪಕ್ಕ ಒಂದು ಎತ್ತರದ ಸ್ಟೂಲು ಬಂದಿತ್ತು, ಕೂತು ತೊಳೆಯಲು ಸರಿಯಾಗುವಂಥದ್ದು. ಯಾರು ತಂದಿಟ್ಟರೆಂದು ಯಾರೂ ಹೇಳಲಿಲ್ಲ.

ಸೊಸೆಯ ಕೆಲಸ ಇಷ್ಟು. ಈ ಹುಳಗಳಿಗೆ ಗಂಡು ಹೆಣ್ಣು ಸೇರುವ ಗೊಡವೆಯಿಲ್ಲ. ಬೆಳೆದ ಹುಳ ಬಾಲವನ್ನು ತಟ್ಟೆಗೆ ಗಟ್ಟಿಯಾಗಿ ಅಂಟಿಸಿಕೊಂಡು ಮುಂದಕ್ಕೆ ಜಗ್ಗುತ್ತದೆ. ಜಗ್ಗಿ ಜಗ್ಗಿ ಎರಡಾಗಿ ಹರಿದುಹೋಗುತ್ತದೆ. ತಲೆಗೆ ಬಾಲ ಬರುತ್ತದೆ, ಬಾಲಕ್ಕೆ ತಲೆ ಬರುತ್ತದೆ, ಅಲ್ಲಿಗೆ ಸಂಸಾರ ದೊಡ್ಡದಾಯಿತು. ಅವಳ ಕಪಾಟಿನ ಹುಳಗಳೆಲ್ಲ ವರ್ಷಗಳ ಹಿಂದೆ ಒಂದು ಕೊಳದಿಂದ ತಂದ ಒಂದೇ ಹುಳದ ಸಂತತಿ. ಆ ಮೊದಲ ಹುಳಕ್ಕೆ ಅಜ್ಜಿ ಎಂದು ಹೆಸರು. ಅಜ್ಜಿಯ ಬಾಲದ ಒಂದು ಚೂರು ಇನ್ನೂ ಫ್ರೀಜರಿನಲ್ಲಿತ್ತು.

“ತಾಯಿ ಇದ್ದ ಹಾಗೇ ಮಗಳು, ಮಗಳಿದ್ದ ಹಾಗೇ ಮೊಮ್ಮಗಳು. ಏನೂ ಬದಲಾಗಲ್ಲ ಅಂತ ಎಲ್ಲರೂ ಅಂದ್ಕೊಂಡಿದಾರೆ ಅತ್ತೆ. ಅದು ಸುಳ್ಳು,” ಎಂದು ಅವಳು ಊಟದ ಹೊತ್ತಿನಲ್ಲೆಲ್ಲ ವಾದಿಸುತ್ತಿದ್ದಳು. ನನಗೆ ಅರ್ಥವಾದದ್ದು ನನ್ನ ಹೊಲಿಗೆಯಿಂದ. ಅಂಗಿಯ ಅಳತೆ ಕಾಗದವನ್ನು ನೋಡಿ ಇನ್ನೊಂದು ಕತ್ತರಿಸಿ, ಅದನ್ನು ನೋಡಿ ಮತ್ತೊಂದು ಕತ್ತರಿಸಿ, ಹೀಗೇ ಹೋದರೆ ಕೊನೆಯ ಅಂಗಿಯ ಕತ್ತು ಮೊದಲಿನದರಂತೆ ಇರುವುದಿಲ್ಲ. ಮೈಯೊಳಗೆ ಜೀವಕೋಶ ಒಡೆದು ಎರಡಾದಾಗಲೆಲ್ಲ ಅದರೊಳಗಿನ ಡಿಎನ್‌ಎ ಬರಹವನ್ನು ಮತ್ತೆ ನಕಲು ಮಾಡಬೇಕು. ಅಲ್ಲೊಂದು ಇಲ್ಲೊಂದು ಅಕ್ಷರ ತಪ್ಪುತ್ತದೆ. ನಮ್ಮ ಪಠ್ಯದಲ್ಲಿ ಅದನ್ನು ಉತ್ಪರಿವರ್ತನೆ ಎಂದು ಉರು ಹೊಡೆದಿದ್ದೆವು. ಈಗ ಎಲ್ಲರೂ ಮ್ಯುಟೇಶನ್ ಎನ್ನುತ್ತಾರೆ. ಹುಳ ಹರಿದು ಎರಡಾದಾಗ ಆ ತಪ್ಪನ್ನು ಹೊತ್ತ ಕೋಶಗಳು ಹೆಚ್ಚಾಗಿ ಒಂದು ತುಂಡಿಗೇ ಹೋದರೆ, ಅಲ್ಲಿ ಬೆಳೆಯುವ ಹೊಸ ಹುಳದ ತುಂಬ ಅವೇ.

ಡಿಎನ್‌ಎ ಓದಿ ಸೊಸೆ ಅಂಥ ತಪ್ಪುಗಳನ್ನು ಹುಡುಕಿದ್ದಳು. ಆದರೆ ಹುಳದ ಮೈಮೇಲೆ ಕಣ್ಣಿಗೆ ಕಾಣುವ ಒಂದು ಬದಲಾವಣೆಯೂ ಸಿಕ್ಕಿರಲಿಲ್ಲ. ಮುಂದಿನ ತಿಂಗಳ ಕೊನೆಗೆ ಪರಿಶೀಲನೆಯವರು ಬರುವವರಿದ್ದರು. ತೋರಿಸಲು ಏನೂ ಇಲ್ಲದಿದ್ದರೆ ಈ ಕೋಣೆ ಪಕ್ಕದ ಮೀನಣ್ಣನ ಪಾಲು. ಅವನು ಮೀನುಗಳ ಮೇಲೆ ಕೆಲಸ ಮಾಡುವವನು. ಹುಳಗಳೆಲ್ಲ ಬ್ಲೀಚಿಗೆ.

ಅದಕ್ಕೇ ಆ ಕುಣಿತ.

“ಫೋಟೋ ತೆಗಿ ಮೊದಲು,” ಎಂದೆ.

“ಮೊಬೈಲಲ್ಲಿ ಮಸುಕಾಗುತ್ತೆ. ಮೈಕ್ರೋಸ್ಕೋಪಿನ ಕ್ಯಾಮೆರಾ ಮೀನಣ್ಣ ತಗೊಂಡಿದಾನೆ, ಬೀಗ ಹಾಕ್ಕೊಂಡು ಹೋಗಿದಾನೆ. ನಾಳೆ ಬೆಳಿಗ್ಗೆ ಬಂದ ತಕ್ಷಣ ಅದೇ ಕೆಲಸ.”

ಬೆಳಿಗ್ಗೆ ನಾನೂ ಅವಳ ಜೊತೆಗೇ ಹೋದೆ. ಮನೆಯಲ್ಲಿ ನಿಲ್ಲಲು ಮನಸ್ಸಾಗಲಿಲ್ಲ. ತಟ್ಟೆ ಇದ್ದಲ್ಲೇ ಇತ್ತು. ಕಂದು ಹುಳಗಳೆಲ್ಲ ಇದ್ದವು. ಅರ್ಧ ಬಿಳಿಯದು ಇರಲಿಲ್ಲ.

ಸೊಸೆ ತಟ್ಟೆಯನ್ನು ಬೆಳಕಿಗೆ ಹಿಡಿದಳು, ತಿರುಗಿಸಿದಳು, ಮುಚ್ಚಳದ ಒಳಬದಿ ನೋಡಿದಳು. ಆಮೇಲೆ ಗೋಡೆಯ ಕಡೆ ನೋಡಿದಳು. ಅಲ್ಲಿ ಅವಳದೇ ದುಂಡನೆಯ ಅಕ್ಷರದಲ್ಲಿ ಒಂದು ಚೀಟಿ ಅಂಟಿತ್ತು: ‘ಮಂಕಾದ, ಬಣ್ಣಗೆಟ್ಟ, ಆಕಾರಗೆಟ್ಟ ಹುಳಗಳನ್ನು ಕೂಡಲೇ ತೆಗೆದು ಬ್ಲೀಚ್ ಡಬ್ಬಿಗೆ ಹಾಕಿ.’ ಹಿಂದೊಮ್ಮೆ ರೋಗ ಬಂದು ಅರ್ಧ ಕಪಾಟು ಸತ್ತಾಗ ಅವಳೇ ಬರೆದದ್ದು. ಅಂದಿನಿಂದ ವಾರಕ್ಕೊಮ್ಮೆ ಎಲ್ಲರಿಗಿಂತ ಮೊದಲು ಬಂದು ತಟ್ಟೆಗಳನ್ನು ಪರೀಕ್ಷಿಸುವ ಕೆಲಸ ದೊಡ್ಡ ಮೇಷ್ಟ್ರದು. ಇವತ್ತು ಆ ದಿನ. ಮುಗಿಸಿ, ಕಾಲೇಜು ಪರೀಕ್ಷೆಯ ಕೆಲಸಕ್ಕೆಂದು ಬೇರೆ ಊರಿಗೆ ಹೊರಟೂ ಹೋಗಿದ್ದರು. ಅಲ್ಲಿಗೆ ಹೋದರೆ ಅವರ ಫೋನು ಬಂದ್.

ಸೊಸೆ ಸ್ಟೂಲಿನ ಮೇಲೆ ಕುಸಿದು ಕೂತಳು. ಕಣ್ಣಲ್ಲಿ ನೀರು. ಅಷ್ಟರಲ್ಲಿ ಮೀನಣ್ಣ ಅಳತೆಯ ಟೇಪು ಹಿಡಿದು ಒಳಗೆ ಬಂದ, ತನ್ನ ತೊಟ್ಟಿಗಳು ಈ ಗೋಡೆಗೆ ಹಿಡಿಸುತ್ತವೆಯೇ ಎಂದು ನೋಡಲು. ಅವಳ ಮುಖ ನೋಡಿದ. ಟೇಪನ್ನು ಸದ್ದಾಗದಂತೆ ಸುತ್ತಿ ಜೇಬಿಗೆ ಹಾಕಿ, “ಚಹಾ ತರ್ತೀನಿ ಅಕ್ಕ,” ಎಂದು ಹೊರಟುಹೋದ. ಒಳ್ಳೆಯ ಹುಡುಗ.

ಅವನು ಚಹಾ ತರುವಷ್ಟರಲ್ಲಿ ಸೊಸೆ ಎದ್ದು ನಿಂತಿದ್ದಳು. ಕೆನ್ನೆ ಇನ್ನೂ ಒದ್ದೆ, ಕಣ್ಣು ಮಾತ್ರ ಝಗ್ಗೆಂದು ಹೊತ್ತಿಕೊಂಡಿದ್ದವು.

“ಅತ್ತೆ! ನಾವೆಂಥ ಪೆದ್ದರು! ಬೇರೆ ಥರ ಕಂಡಿದ್ದನ್ನೆಲ್ಲ ವಾರವಾರ ಆರಿಸಿ ಆರಿಸಿ ಎಸೆದಿದೀವಿ. ಆಮೇಲೆ ಉಳಿದದ್ದನ್ನ ನೋಡಿ, ಏನೂ ಬದಲಾಗಿಲ್ಲ ಅಂತ ವರ್ಷವರ್ಷ ಬರ್ದಿದೀವಿ!”

“ಹಾಗಂದ್ರೆ ಇದು ಮೊದಲನೇದಲ್ಲ?”

“ಎಷ್ಟು ಬಂದಿದ್ವೋ, ಎಷ್ಟು ಹೋದ್ವೋ! ನಾನೇ ಬರ್ದಿದ್ದು ಈ ಚೀಟಿ, ನನ್ನ ಕೈಯಾರೆ!” ಅಳಬೇಕೋ ನಗಬೇಕೋ ತಿಳಿಯದೆ ಅವಳು ಎರಡನ್ನೂ ಒಟ್ಟಿಗೇ ಮಾಡಿದಳು.

ನಾನು ಅವಳನ್ನು ಸಮಾಧಾನ ಮಾಡಿ, ಹುಳಗಳ ಊಟಕ್ಕೆ ಹೊರಟೆ. ಅವಕ್ಕೆ ಬೇಕಾದ್ದು ಲಿವರ್. ಅಂಗಡಿಯಿಂದ ತಂದು, ಮಿಕ್ಸಿಯಲ್ಲಿ ನುಣ್ಣಗೆ ರುಬ್ಬಿ, ಫ್ರೀಜರಿನಲ್ಲಿಟ್ಟು, ಬೇಕಾದಾಗ ಕರಗಿಸಿ ಹನಿಹನಿಯಾಗಿ ಹಾಕಬೇಕು. ಮೇಷ್ಟ್ರಿಗೆಂದು ದಿನಾ ಒಂದು ಚಮಚ ಎತ್ತಿಡುವ ರೂಢಿ ನನಗೆ. ನಾನು ಬಂದ ಮೊದಲ ವಾರವೇ ಅವರು ಬಾಗಿಲಲ್ಲಿ ನಿಂತು, ಎಲ್ಲೋ ನೋಡುತ್ತ, “ಅಮ್ಮಾ, ಉಳಿದ್ರೆ ಒಂದು ಚಮಚ ಕೊಡಿ. ಬೆಕ್ಕಿಗೆ,” ಎಂದಿದ್ದರು. ಅಂದಿನಿಂದ ಮುಚ್ಚಳದ ಸಣ್ಣ ಡಬ್ಬಿಯಲ್ಲಿ ಹಾಕಿ ಅವರ ಬಾಗಿಲ ಬಳಿ ಇಡುತ್ತಿದ್ದೆ. ಇವತ್ತೂ, ಅವರು ಊರಲ್ಲಿಲ್ಲವೆಂಬುದನ್ನು ಮರೆತು, ಎತ್ತಿಟ್ಟೆ.

“ಯಾರಿಗಮ್ಮ ಅದು?” ಎಂದ ಮೀನಣ್ಣ, ಲೋಟ ಎತ್ತಿಕೊಳ್ಳುತ್ತ.

“ಮೇಷ್ಟ್ರ ಬೆಕ್ಕಿಗಪ್ಪ.”

“ಬೆಕ್ಕಾ? ಸರ್‌ಗಾ?” ಅವನು ಜೋರಾಗಿ ನಕ್ಕ. “ನನ್ನ ಕೋಟಿನ ಮೇಲೆ ಬೆಕ್ಕಿನ ಕೂದಲು ಕಂಡ್ರೆ ಸಾಕು, ಅವರಿಗೆ ಸೀನು ಶುರು. ಮೀಟಿಂಗಲ್ಲಿ ನನ್ನನ್ನ ಕಿಟಕಿ ಹತ್ರ ಕೂರಿಸ್ತಾರೆ.”

ನಾನು ಚಮಚ ಹಿಡಿದು ಹಾಗೇ ನಿಂತೆ. ಬೆಕ್ಕಿಲ್ಲದ ಮನೆಗೆ ದಿನಾ ಒಂದು ಚಮಚ ಲಿವರ್. ಆ ಡಬ್ಬಿ ಯಾವತ್ತೂ ಮನೆಗೆ ಹೋದದ್ದಿಲ್ಲ. ಸಂಜೆಗೆ ತೊಳೆದು ಬೋರಲು ಹಾಕಿರುತ್ತಿತ್ತು. ಅವರ ಕೋಣೆಗೆ ಒಮ್ಮೆ ಕೀಲಿ ತರಲು ಹೋದಾಗ, ಕಿಟಕಿಯ ಕೆಳಗಿನ ಶೆಲ್ಫಿನಲ್ಲಿ ಕಪ್ಪು ಬಟ್ಟೆ ಹೊದಿಸಿದ ಏನನ್ನೋ ಕಂಡಿದ್ದೆ. ಬಿಸಿಲು ಬೀಳದಂತೆ ಬಟ್ಟೆಯ ಅಂಚನ್ನು ಪುಸ್ತಕದ ಕೆಳಗೆ ಸಿಕ್ಕಿಸಿದ್ದರು. ನೆರಳು ಇಷ್ಟಪಡುವ, ಲಿವರ್ ತಿನ್ನುವ ಪ್ರಾಣಿ ಯಾವುದು?

ಉತ್ತರ ನನ್ನ ಕಣ್ಣೆದುರಿನ ತಟ್ಟೆಗಳಲ್ಲೇ ಇತ್ತು. ಆದರೂ ಸೊಸೆಗೆ ಹೇಳಲಿಲ್ಲ. ಸುಳ್ಳಾದರೆ ಅವಳು ಇನ್ನೊಮ್ಮೆ ಕುಸಿಯುತ್ತಾಳೆ.

ಮೇಷ್ಟ್ರು ವಾಪಸಾದ ದಿನ ಡಬ್ಬಿ ಹಿಡಿದು ಅವರ ಬಾಗಿಲಿಗೆ ನಾನೇ ಹೋದೆ. ಸೊಸೆಯೂ ಹಿಂದೆಯೇ ಬಂದಳು. ಕೇಳದೆ ಬಿಡುವವಳಲ್ಲ ಅವಳು.

“ಸರ್, ಹೋದ ವಾರ ಆ ತಟ್ಟೆಯಿಂದ ಒಂದು ಹುಳ ತೆಗೆದ್ರಲ್ಲ, ಅರ್ಧ ಬಿಳಿಯದು...”

“ನಿಯಮ ಇರೋದೇ ತೆಗೆಯೋಕೆ. ನೀನೇ ಬರ್ದಿದ್ದು,” ಎಂದರು ಗಂಟುಮುಖದಲ್ಲಿ. ಆದರೆ ಅವರ ಕೈ ಮೇಜಿನ ಮೇಲಿನ ಕಾಗದಗಳನ್ನು ಸುಮ್ಮನೆ ಅತ್ತಿತ್ತ ಸರಿಸುತ್ತಿತ್ತು.

“ಮೇಷ್ಟ್ರೇ,” ಎಂದೆ ನಾನು, “ನಿಮ್ಮ ಬೆಕ್ಕನ್ನ ಒಂದ್ಸಲ ತೋರಿಸ್ತೀರಾ?”

ಅವರ ಕಿವಿ ಕೆಂಪಾಯಿತು. ಸೊಸೆ ನನ್ನ ಮುಖ ನೋಡಿದಳು, ಅವರ ಮುಖ ನೋಡಿದಳು. ಮೇಷ್ಟ್ರು ಎದ್ದು ಬಾಗಿಲು ಹಾಕಿದರು. ಶೆಲ್ಫಿನ ಮುಂದೆ ಮಂಡಿಯೂರಿ ಕೂತು ಕಪ್ಪು ಬಟ್ಟೆ ಎತ್ತಿದರು.

ಗಾಜಿನ ತೊಟ್ಟಿ. ತಿಳಿ ನೀರು, ತಳದಲ್ಲಿ ಹೆಂಚಿನ ಚೂರುಗಳು. ಅವುಗಳ ಮೇಲೆ, ಗಾಜಿನ ಮೇಲೆ, ಎಲ್ಲೆಲ್ಲೂ ಹುಳಗಳು. ಪೂರ್ತಿ ಬಿಳಿಯವು, ಬೆನ್ನಿನ ಮೇಲೆ ಪಟ್ಟೆಯವು, ಮಚ್ಚೆ ಮಚ್ಚೆಯವು, ಮೂಗಿನ ತುದಿ ಮಾತ್ರ ಬೆಳ್ಳಗಿದ್ದವು, ಒಂದು ಕಣ್ಣು ಎಲ್ಲೋ ಮೇಲಿದ್ದದ್ದು.

ಸೊಸೆ ಗಾಜಿಗೆ ಮೂಗು ಒತ್ತಿ ಕೂತುಬಿಟ್ಟಳು.

“ಬದುಕಿರೋದನ್ನ ಬ್ಲೀಚಿಗೆ ಹಾಕೋಕೆ ಕೈ ಬರ್ಲಿಲ್ಲ,” ಎಂದರು ಮೇಷ್ಟ್ರು, ನೆಲ ನೋಡುತ್ತ. “ಕಾಯಿಲೆ ಬಿದ್ದಿರ್ಬೇಕು, ಇರೋಷ್ಟು ದಿನ ಇರ್ಲಿ ಅಂತ ಇಟ್ಟೆ. ಇವು ಸಾಯೋ ಬದಲು ಸಂಸಾರ ಬೆಳೆಸಿದ್ವು. ಮಿಕ್ಕವರಿಗೆ ನಿಯಮ ನಿಯಮ ಅಂತ ಬೈಯ್ಯೋನು ನಾನು. ಯಾವ ಮುಖ ಇಟ್ಕೊಂಡು ಹೇಳ್ಲಿ?”

“ಸರ್, ನೀವು... ನೀವು ದೇವರು ಸರ್!”

“ಸುಮ್ನಿರು. ಅರ್ಧ ಬಿಳಿಯದು ಬೇಕಲ್ಲ ನಿಂಗೆ?” ಎಂದು ಅವರು ಮೂಲೆಯ ಹೆಂಚಿನ ಚೂರನ್ನು ಬೆರಳಿನಿಂದ ಮೆಲ್ಲಗೆ ಎತ್ತಿದರು. “ಇಲ್ಲೇ ಇರತ್ತೆ. ಬಿಟ್ಟ ತಕ್ಷಣ ಈ ಮೂಲೆಗೇ ಹೋಯ್ತು, ಬೆಳಿಗ್ಗೆ ಬಂದು ನೋಡಿದಾಗ್ಲೂ ಇಲ್ಲೇ ಇತ್ತು.”

ಇತ್ತು. ಎಡಕ್ಕೆ ಬಿಳಿ, ಬಲಕ್ಕೆ ಕಂದು.

ಸೊಸೆ ನನ್ನನ್ನು ಅಪ್ಪಿಕೊಂಡು ಮೇಲಕ್ಕೆತ್ತಿಯೇ ಬಿಟ್ಟಳು. ಈ ವಯಸ್ಸಿನಲ್ಲಿ ನನ್ನನ್ನು ಯಾರಾದರೂ ಎತ್ತುತ್ತಾರೆಂದು ಎಣಿಸಿರಲಿಲ್ಲ.

ಆದರೆ ಮೇಷ್ಟ್ರು ಮತ್ತೆ ಮೇಷ್ಟ್ರಾದರು. “ಕುಣಿಬೇಡ. ಬಂದೋರು ಕೇಳ್ತಾರೆ, ಬೆಳಕಿಗೆ ಬಣ್ಣ ಹೋಗಿರ್ಬಹುದು ಅಂತ. ಹೊಟ್ಟೆಗಿಲ್ದೆ ಬಿಳಿಚಿರ್ಬಹುದು ಅಂತ. ಬೇರೆ ಜಾತಿ ಹುಳ ಸೇರ್ಕೊಂಡಿದೆ ಅಂತ. ಏನು ಹೇಳ್ತೀಯ?”

ಕೊನೆಯದಕ್ಕೆ ಉತ್ತರ ಸುಲಭ. ತೊಟ್ಟಿಯ ಹುಳಗಳ ಡಿಎನ್‌ಎಯನ್ನು ಫ್ರೀಜರಿನ ಅಜ್ಜಿಯ ಬಾಲದ ಜೊತೆ ಹೋಲಿಸಿ ನೋಡಲು ಕಳಿಸಿದರು. ಉಳಿದ ಎರಡಕ್ಕೆ ಒಂದೇ ದಾರಿ ಇತ್ತು: ತಲೆ ಕತ್ತರಿಸಿ, ಪೂರ್ತಿ ಕತ್ತಲೆಯಲ್ಲಿಟ್ಟು, ಹೊಸ ತಲೆ ಯಾವ ಬಣ್ಣದ್ದು ಬರುತ್ತದೆಂದು ನೋಡುವುದು. ಬಿಳಿಯದನ್ನೂ ಕಂದನ್ನೂ ಅಕ್ಕಪಕ್ಕ ಇಡಬೇಕು. ಎಲ್ಲಕ್ಕಿಂತ ಮುಖ್ಯ ಅರ್ಧ ಬಿಳಿಯದು. ಬೆಳಕಾಗಲಿ ಹಸಿವಾಗಲಿ ಒಂದೇ ಹುಳದ ಒಂದು ಪಕ್ಕವನ್ನು ಮಾತ್ರ ಆರಿಸಿಕೊಂಡು ಬಿಳಿ ಮಾಡಲಾರದು. ಹೊಸ ತಲೆಯೂ ಅರ್ಧರ್ಧ ಬಂದರೆ ಯಾರೂ ಬಾಯಿ ತೆರೆಯುವ ಹಾಗಿಲ್ಲ.

ಸೊಸೆ ಬ್ಲೇಡು ಎತ್ತಿದವಳು ಮತ್ತೆ ಕೆಳಗಿಟ್ಟಳು. “ಇಂಥದ್ದು ಇದೊಂದೇ ಇರೋದು ಸರ್. ಏನಾದ್ರೂ ಆದ್ರೆ?”

“ಕತ್ತರಿಸಿದ್ರೆ ಎರಡಾಗೋ ಜೀವ ಅದು. ನಿಂಗೇ ಪಾಠ ಹೇಳ್ಬೇಕಾ?” ಎಂದರು ಮೇಷ್ಟ್ರು. ಎಂದವರು, ಅವಳು ಬ್ಲೇಡು ಇಳಿಸುವಾಗ ಕಿಟಕಿಯ ಕಡೆ ತಿರುಗಿಕೊಂಡರು.

ತಟ್ಟೆಗಳು ಕತ್ತಲೆಯ ಕಪಾಟು ಸೇರಿದವು. ಮೇಷ್ಟ್ರು ಬೀಗ ಹಾಕಿ ಕೀಲಿಯನ್ನು ನನ್ನ ಕೈಗಿತ್ತರು. “ನಿಮ್ಮ ಹತ್ರ ಇರ್ಲಿ ಅಮ್ಮ. ಇವಳ ಹತ್ರ ಬೇಡ, ತಾಸಿಗೊಂದ್ಸಲ ತೆಗೀತಾಳೆ. ನನ್ನ ಹತ್ರಾನೂ ಬೇಡ.”

ಆ ದಿನಗಳಲ್ಲಿ ನಮ್ಮ ಯಾರ ಕಾಲೂ ನೆಲದ ಮೇಲೆ ನಿಲ್ಲಲಿಲ್ಲ. ನೀರು ಬದಲಿಸಲು ನಾನೊಬ್ಬಳೇ ಕಪಾಟು ತೆಗೆಯುವುದು, ಅದೂ ಮಂದವಾದ ಕೆಂಪು ದೀಪದಲ್ಲಿ. ಹುಳಗಳ ಮೈಗೆ ಬೇರೆ ಬೆಳಕು ತಾಗಬಾರದು. ಹೊರಗೆ ಬರುವಷ್ಟರಲ್ಲಿ ಮೂವರು ಬಾಗಿಲಿಗೆ ಅಂಟಿಕೊಂಡು ನಿಂತಿರುತ್ತಿದ್ದರು.

“ತಲೆ ಬಂತಾ ಅತ್ತೆ?”

“ಚಿಗುರಿದೆ ಕಣೇ. ಕಣ್ಣೂ ಮೂಡಿವೆ, ಸಾಸಿವೆ ಚುಕ್ಕಿ ಹಾಗೆ.”

“ಬಣ್ಣ?”

“ಕೆಂಪು ದೀಪದಲ್ಲಿ ನಿನ್ನ ಸರ್ ಕೂಡ ಕೆಂಪಗೇ ಕಾಣ್ತಾರೆ. ಹೇಗೆ ಹೇಳ್ಲಿ?”

ಅದೇ ಕಷ್ಟ. ಹೊಸ ತಲೆ ಯಾವ ಹುಳಕ್ಕೇ ಆಗಲಿ ಮೊದಲು ಬಿಳಿಯಾಗಿಯೇ ಚಿಗುರುತ್ತದೆ. ಬಣ್ಣ ಏರುವುದು ಆಮೇಲೆ. ಬೇಗ ತೆರೆದರೆ ಎಲ್ಲವೂ ಬೆಳ್ಳಗೇ ಕಂಡು ಕೆಲಸ ಕೆಟ್ಟಿತು. ಕಾಯಲೇಬೇಕು. ಮೀನಣ್ಣ ಸಹ ತನ್ನ ತೊಟ್ಟಿಗಳನ್ನು ಮರೆತು ದಿನಾ ಬಂದು, “ಅಮ್ಮಾ, ಕೀಲಿ ಕೆಳಗೆ ಬಿದ್ರೆ ಹೇಳಿ, ಎತ್ಕೊಡ್ತೀನಿ,” ಎನ್ನುತ್ತಿದ್ದ. ಮೇಷ್ಟ್ರು ಒಂದು ಮಧ್ಯಾಹ್ನ ಕಪಾಟಿಗೆ ಕಿವಿ ಇಟ್ಟು ನಿಂತಿದ್ದರು. ನನ್ನನ್ನು ಕಂಡು, ಬಾಗಿಲಿನ ಧೂಳು ಒರೆಸುವವರಂತೆ ತೋಳಿನಿಂದ ಉಜ್ಜಿ ಹೋದರು.

ನಡುವೆ ಡಿಎನ್‌ಎ ಫಲಿತಾಂಶ ಬಂತು. ತೊಟ್ಟಿಯ ಹುಳಗಳೆಲ್ಲ ಅಜ್ಜಿಯ ಸಂತತಿಯೇ. ಬೇರೆ ಜಾತಿ ಎನ್ನುವ ಮಾತು ಅಲ್ಲಿಗೆ ಮುಗಿಯಿತು. ಉಳಿದದ್ದು ತಲೆ.

ಪರಿಶೀಲನೆಯ ದಿನ ಸೊಸೆಗೆ ತಿಂಡಿ ಇಳಿಯಲಿಲ್ಲ. ನನ್ನ ಮಗ ಅವಳ ಚೀಲದಲ್ಲಿ ಎರಡು ಬಾಳೆಹಣ್ಣು ಹಾಕಿ ಸುಮ್ಮನೆ ಜಿಪ್ ಎಳೆದ. ಕಪಾಟನ್ನು ನಾವು ಮೊದಲು ತೆರೆದು ನೋಡಿಬಿಡೋಣ ಎಂದು ಅವಳು ಅಂಗಲಾಚಿದಳು. ಮೇಷ್ಟ್ರು ಒಪ್ಪಲಿಲ್ಲ.

“ಅವರ ಎದುರಿಗೇ ತೆಗಿಯೋದು. ಸೋತ್ರೆ ಎಲ್ಲರ ಎದುರಿಗೆ ಸೋಲೋಣ, ಗೆದ್ರೆ ಎಲ್ಲರ ಎದುರಿಗೆ.”

ಬಂದವರು ಮೂವರು. ಅವರಲ್ಲಿ ಹಿರಿಯ ಹೆಂಗಸು ಗಡಿಯಾರ ನೋಡುತ್ತ, “ಹೋದ ವರ್ಷದ್ದೇ ಹುಳ ಅಲ್ವಾ? ಬದಲಾವಣೆ ಎಲ್ಲಿ?” ಎಂದರು.

ಸೊಸೆ ಹೇಳಲು ಬಾಯಿ ತೆರೆದಳು. ಅವಳಿಗಿಂತ ಮೊದಲು ಮೇಷ್ಟ್ರು ಎದ್ದು ನಿಂತರು. “ಬದಲಾವಣೆನ ನಾವೇ ಎಸೀತಿದ್ವಿ. ಅಂಥ ನಿಯಮ ಇತ್ತು. ಅದನ್ನ ಮುರಿದವನು ನಾನು, ಯಾರಿಗೂ ಹೇಳ್ದೆ. ತಪ್ಪು ನನ್ನದು. ಈಗ ನೋಡೋದು ನಿಮ್ಮ ಕೆಲಸ,” ಎಂದು ಹೇಳಿ, “ಅಮ್ಮಾ, ಕೀಲಿ,” ಎಂದು ಕೈ ಚಾಚಿದರು.

ಸೆರಗಿನ ಗಂಟು ಬಿಚ್ಚಲು ನನ್ನ ಬೆರಳು ಕೇಳಲೇ ಇಲ್ಲ. ಕೊನೆಗೆ ಹಿರಿಯ ಹೆಂಗಸೇ ಬಂದು ಬಿಚ್ಚಿಕೊಟ್ಟರು.

ಮೊದಲ ತಟ್ಟೆ ಕಂದು ಹುಳದ್ದು. ಕತ್ತಲೆಯಲ್ಲೇ ಬೆಳೆದ ಹೊಸ ತಲೆ ಕಂದು ಬಣ್ಣಕ್ಕೆ ತಿರುಗಿತ್ತು. ಎರಡನೆಯದು ಬಿಳಿ ಹುಳದ್ದು. ಅಷ್ಟೇ ದಿನ, ಅದೇ ಕತ್ತಲೆ, ಅದೇ ನೀರು. ತಲೆ ಹಾಲಿನ ಬಿಳಿ, ಅದರಲ್ಲಿ ಎರಡು ಕರಿ ಕಣ್ಣು. ಸೊಸೆ ಮೂರನೆಯ ತಟ್ಟೆಯನ್ನು ಮೈಕ್ರೋಸ್ಕೋಪಿನ ಕೆಳಗೆ ಇಟ್ಟಳು. ಚಿತ್ರ ಗೋಡೆಯ ದೊಡ್ಡ ಪರದೆಯ ಮೇಲೆ ಮೂಡಬೇಕು. ಅವಳು ಸ್ಪಷ್ಟ ಮಾಡಲು ತಿರುಪು ತಿರುಗಿಸಿದಳು. ಮಸುಕು, ಮಸುಕು, ಆಮೇಲೆ ಫಕ್ಕನೆ ಹುಳದ ಹೊಚ್ಚ ಹೊಸ ತಲೆ ಬಾಗಿಲಿನಷ್ಟು ದೊಡ್ಡದಾಗಿ ಎದ್ದು ನಿಂತಿತು.

ಬಲಗಣ್ಣಿನ ಸುತ್ತ ಕಂದು. ಎಡಗಣ್ಣಿನ ಸುತ್ತ ಬಿಳಿ. ಎರಡು ಕಣ್ಣಿನ ನಡುವೆ ಅದೇ ಗೆರೆ.

“ಬಂತು!” ಎಂದು ಕಿರುಚಿದವನು ಮೀನಣ್ಣ. ಅವನು ಬಾಗಿಲ ಹಿಂದೆ ನಿಂತು ನೋಡುತ್ತಿದ್ದನೆಂದು ಆಗಲೇ ಗೊತ್ತಾದದ್ದು. ಹಿರಿಯ ಹೆಂಗಸು ಗಡಿಯಾರವನ್ನು ಮರೆತು ಪರದೆಯ ಹತ್ತಿರ ಹೋಗಿ, ಆ ಗೆರೆಯ ಗುಂಟ ಬೆರಳು ಆಡಿಸಿದರು. “ಇನ್ನೂ ಇಂಥವು ಎಷ್ಟಿವೆ?” ಎಂದು ಕೇಳಿದರು. ಆ ಧ್ವನಿ ಕೇಳಿದರೆ ಸಾಕಿತ್ತು, ಕೋಣೆ ಉಳಿಯಿತೆಂದು ಗೊತ್ತಾಗಲು.

ಎಲ್ಲರೂ ತೊಟ್ಟಿ ನೋಡಲು ಮೇಷ್ಟ್ರ ಕೋಣೆಗೆ ಓಡಿದರು. ಸೊಸೆ ಹೋಗುವಾಗ ಗೋಡೆಯ ಚೀಟಿಯನ್ನು ಪರಪರ ಕಿತ್ತು ನನ್ನ ಕೈಗೆ ತುರುಕಿ ಹೋದಳು. ಮೀನಣ್ಣ ಮಾತ್ರ ಹಿಂದೆ ಉಳಿದು, “ನನ್ನ ಮೀನುಗಳಿಗೆ ಕಾರಿಡಾರಿನ ಗಾಳಿನೇ ಒಗ್ಗುತ್ತೆ ಬಿಡಿ ಅಮ್ಮ,” ಎಂದು ನಕ್ಕ.

ನಾನು ಸಿಂಕಿನ ಕಡೆ ಹೋಗಿ ಸ್ಟೂಲಿನ ಮೇಲೆ ಕೂತೆ. ತಟ್ಟೆ ತೊಳೆಯಲು ಶುರುಮಾಡುವಷ್ಟರಲ್ಲಿ ಬಾಗಿಲಲ್ಲಿ ಯಾರೋ ಕೆಮ್ಮಿದರು. ಮೇಷ್ಟ್ರು. ಕೈಯಲ್ಲಿ ಆ ಮುಚ್ಚಳದ ಸಣ್ಣ ಡಬ್ಬಿ.

“ಅಮ್ಮಾ, ಲಿವರ್ ಉಳಿದಿದ್ಯಾ?”

“ಬೆಕ್ಕಿಗಾ ಮೇಷ್ಟ್ರೇ?”

“ಹೂಂ,” ಎಂದರು, ಮೊದಲ ಸಲ ಹಲ್ಲು ಕಾಣುವ ಹಾಗೆ ನಗುತ್ತ. “ಇವತ್ತು ಎರಡು ಚಮಚ ಹಾಕಿ. ಹೊಸ ತಲೆ ಬಂದಿದೆ, ಹಸಿದಿರತ್ತೆ.”